ಹಳೆಯ ಜೀಪಿಗೆ ಮನೆಯಂಗಳದಲ್ಲೇ ಆರೈಕೆ

ಕಳೆದ ಸಂಚಿಕೆಯ ಈ ಅಂಕಣದಲ್ಲಿ ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತಿನ ದ್ರಾವಣ ತಯಾರಿಸುವ ಕ್ರಮವನ್ನು ತಿಳಿಸಿದ್ದೆವು. ಅದನ್ನು ಓದಿದ ನಮ್ಮ ಕೃಷಿಕ ಬಾಂಧವರೊಬ್ಬರು ಭಾನುವಾರದ ಪೂಜೆ ಮುಗಿದ ಮೇಲೆ ಇಗರ್ಜಿಯ ಅಂಗಳದಲ್ಲಿ ನಮ್ಮನ್ನು ನಿಲ್ಲಿಸಿ, "ಫಾದರ್, ಮರಕ್ಕೆ ಮದ್ದು ಬಿಡುವುದು ನಮಗೆ ಗೊತ್ತುಂಟು. ಆ ಮದ್ದಿನ ಡ್ರಮ್ಮನ್ನು ಗುಡ್ಡೆಗೆ ಹೊರುವ ಜೀಪಿನ ಬಗ್ಗೆ ಯಾರೂ ಬರೆಯುವುದಿಲ್ಲವಲ್ಲ" ಎಂದರು.

ಅವರ ಮಾತು ನ್ಯಾಯವಾದುದೇ. ಕಾಸರಗೋಡಿನ ಈ ಮೂಡಣ ಭಾಗದಲ್ಲಿ, ಬದಿಯಡ್ಕ, ಮುಳ್ಳೇರಿಯದಿಂದ ಅಡೂರಿನವರೆಗೆ, ಎಷ್ಟೋ ಕಡೆ ಡಾಮರು ಬರುವ ಮೊದಲೇ ಜೀಪು ಬಂದಿತ್ತು. ಬಸ್ಸು ಹೋಗದಲ್ಲಿಗೆ ಬಾಡಿಗೆ ಜೀಪು ಹೋಗುತ್ತಿತ್ತು. ಒಳಗೆ ಹತ್ತು ಜನ, ಹಿಂದೆ ನೇತಾಡಿಕೊಂಡು ಐದು ಜನ. ಆ ಕಾಲ ಹೋಯಿತು. ಈಗ ರಿಕ್ಷಾಗಳಿವೆ, ಹೊಸ ಕಾರುಗಳಿವೆ. ಆದರೂ ಗುಡ್ಡದ ಮಗ್ಗುಲಿನ ಹಲವು ಮನೆಗಳ ಶೆಡ್ಡಿನಲ್ಲಿ ಹಳೆಯ ಜೀಪೊಂದು ಇದ್ದೇ ಇದೆ. ಗೊಬ್ಬರ ಏರಿಸಲು, ಅಡಿಕೆ ಇಳಿಸಲು ಅದೇ ಬೇಕು. ಮಳೆಗಾಲದ ನಡುರಾತ್ರಿ ಎದೆನೋವು ಬಂದವರನ್ನು ಅಥವಾ ಹೆರಿಗೆಯ ಹೆಂಗಸನ್ನು ಕೆಸರುದಾರಿಯಲ್ಲಿ ಡಾಮರು ರಸ್ತೆಯವರೆಗೆ ತಲುಪಿಸಲೂ ಅದೇ ಬೇಕು. ಆದುದರಿಂದ ಜೀಪಿನ ಬ್ರೇಕು ಸರಿಯಿದೆಯೇ ಎಂಬ ಪ್ರಶ್ನೆ ಕೃಷಿಯದ್ದೂ ಹೌದು, ಆರೋಗ್ಯದ್ದೂ ಹೌದು.

ಜೆಪ್ಪಿನ ಸೆಮಿನರಿಯಲ್ಲಿ ನಮಗೆ ಜೀಪಿನ ಪಾಠ ಇರಲಿಲ್ಲ. ನಾವು ಕಲಿತದ್ದು ಮನೆಯಲ್ಲಿ, ತಂದೆಯವರಿಗೆ ಸ್ಪ್ಯಾನರ್ ಎತ್ತಿಕೊಡುತ್ತಾ, ಆಮೇಲೆ ನಾವು ಇದ್ದ ಧರ್ಮಕೇಂದ್ರಗಳ ಜೀಪುಗಳ ಜೊತೆ ಹೆಣಗಾಡುತ್ತಾ. ಕಲಿತದ್ದರಲ್ಲಿ ದೊಡ್ಡ ಪಾಠವನ್ನು ಕಾಲು ಮುರಿದುಕೊಂಡು ಕಲಿತೆವು. ಅದನ್ನೇ ಮೊದಲು ಹೇಳುತ್ತೇವೆ.

2011ರ ಮಳೆಗಾಲದ ಆರಂಭ. ನಾವು ಆಗ ಬೇರೊಂದು ಧರ್ಮಕೇಂದ್ರದಲ್ಲಿದ್ದೆವು. ಬೆಳಿಗ್ಗೆ ನೋಡುವಾಗ ಜೀಪಿನ ಹಿಂದಿನ ಎಡ ಚಕ್ರ ಪಂಕ್ಚರ್. ಅಂಗಳ ಹಿಂದಕ್ಕೆ ಸ್ವಲ್ಪವೇ ಇಳಿಜಾರು. ಕಣ್ಣಿಗೆ ಕಾಣುವಷ್ಟೂ ಇಲ್ಲ. ಹ್ಯಾಂಡ್‌ಬ್ರೇಕ್ ಬಿಗಿಯಾಗಿ ಎಳೆದೆವು, ಒಂದನೇ ಗೇರಿಗೂ ಹಾಕಿದೆವು. ಇನ್ನೇನು ಬೇಕು ಎಂದುಕೊಂಡು ಜಾಕ್ ಕೊಟ್ಟೆವು. ಟೈರು ನೆಲ ಬಿಟ್ಟು ಎರಡು ಬೆರಳು ಮೇಲೆದ್ದಿತೋ ಇಲ್ಲವೋ, ಜೀಪು ಹಿಂದಕ್ಕೆ ಸರಿಯಿತು. ಜಾಕ್ ವಾಲಿ ಬಿತ್ತು. ಜೀಪು ಸುಮಾರು ಹದಿನೈದು ಅಡಿ ಉರುಳಿ ಮುರಕಲ್ಲಿನ ಪಾಗಾರಕ್ಕೆ ಹೊಡೆದು ನಿಂತಿತು. ನಮ್ಮ ಪಾದದ ಎಲುಬು ಬಿರುಕು ಬಿಟ್ಟು ಆರು ವಾರ ಪ್ಲಾಸ್ಟರಿನಲ್ಲಿ ಕಳೆದೆವು. ಅದು ದೊಡ್ಡದಲ್ಲ. ಪೂಜೆಗೆ ಸಹಾಯಕ್ಕೆ ಬರುತ್ತಿದ್ದ ಹುಡುಗನೊಬ್ಬ ಅರ್ಧ ನಿಮಿಷ ಮುಂಚೆ ಅದೇ ಜೀಪಿನ ಹಿಂದೆ ಕುಳಿತು ನೋಡುತ್ತಿದ್ದ. ನಟ್ಟು ಹಾಕಿಡಲು ಒಂದು ಡಬ್ಬ ತಾ ಎಂದು ನಾವು ಒಳಗೆ ಕಳುಹಿಸಿದ್ದರಿಂದ ಅವನು ಅಲ್ಲಿರಲಿಲ್ಲ. ಆ ಡಬ್ಬದ ನೆನಪು ಈಗಲೂ ನಮಗೆ ರಾತ್ರಿ ಬರುವುದುಂಟು.

ಹ್ಯಾಂಡ್‌ಬ್ರೇಕ್ ಹಾಕಿ, ಗೇರಿನಲ್ಲೂ ಇಟ್ಟ ಗಾಡಿ ಉರುಳಿದ್ದು ಹೇಗೆ? ಪ್ಲಾಸ್ಟರ್ ಹಾಕಿಕೊಂಡು ಮಲಗಿದ್ದಾಗ ಯೋಚಿಸಲು ಬೇಕಾದಷ್ಟು ಸಮಯವಿತ್ತು. ಕಾರಿನಲ್ಲಿ ಸಾಮಾನ್ಯವಾಗಿ ಹ್ಯಾಂಡ್‌ಬ್ರೇಕ್ ಹಿಂದಿನ ಎರಡು ಚಕ್ರಗಳನ್ನೂ ಬೇರೆಬೇರೆಯಾಗಿ ಹಿಡಿಯುತ್ತದೆ. ಹಳೆಯ ಜೀಪುಗಳಲ್ಲಿ ಹಲವಕ್ಕೆ ಹಾಗಲ್ಲ. ಗೇರ್‌ಬಾಕ್ಸಿನ ಹಿಂದೆ, ಹಿಂಚಕ್ರಕ್ಕೆ ಹೋಗುವ ಉದ್ದನೆಯ ಶಾಫ್ಟು ಶುರುವಾಗುವಲ್ಲಿ ಒಂದು ಚಿಕ್ಕ ಡ್ರಮ್ಮು ಇರುತ್ತದೆ. ಹ್ಯಾಂಡ್‌ಬ್ರೇಕ್ ಹಿಡಿಯುವುದು ಆ ಡ್ರಮ್ಮನ್ನು, ಎಂದರೆ ಶಾಫ್ಟನ್ನು ಮಾತ್ರ. ಶಾಫ್ಟಿನಿಂದ ಮುಂದೆ ಚಕ್ರಗಳಿಗೆ ಶಕ್ತಿ ಹಂಚುವುದು ಡಿಫರೆನ್ಷಿಯಲ್, ನಮ್ಮ ಮೇಸ್ತ್ರಿಗಳ ಮಾತಿನಲ್ಲಿ "ಕ್ರೌನ್". ಇದರ ಗುಣವೇನೆಂದರೆ, ಶಾಫ್ಟು ನಿಂತಿರುವಾಗ ಒಂದು ಚಕ್ರ ಮುಂದಕ್ಕೆ ತಿರುಗಿದರೆ ಇನ್ನೊಂದು ಅಷ್ಟೇ ಹಿಂದಕ್ಕೆ ತಿರುಗುತ್ತದೆ. ಎರಡೂ ಚಕ್ರ ನೆಲದ ಮೇಲಿರುವಾಗ ಒಂದು ಮುಂದಕ್ಕೆ, ಒಂದು ಹಿಂದಕ್ಕೆ ಹೋಗಲಾರವು. ಆದುದರಿಂದ ಗಾಡಿ ನಿಲ್ಲುತ್ತದೆ. ಒಂದನ್ನು ಎತ್ತಿದ ಕ್ಷಣವೇ ಗಾಳಿಯಲ್ಲಿರುವ ಚಕ್ರಕ್ಕೆ ಬೇಕಾದ ಕಡೆ ತಿರುಗುವ ಸ್ವಾತಂತ್ರ್ಯ ಬರುತ್ತದೆ, ನೆಲದಲ್ಲಿರುವ ಚಕ್ರ ಉರುಳುತ್ತದೆ. ಗೇರಿಗೆ ಹಾಕಿದರೂ ಅಷ್ಟೇ, ಏಕೆಂದರೆ ಗೇರು ಹಿಡಿಯುವುದೂ ಅದೇ ಶಾಫ್ಟನ್ನು. ಫೋರ್‌ವೀಲ್ ಹಾಕಿದ್ದರೆ ಮುಂಚಕ್ರಗಳು ಗಾಡಿಯನ್ನು ತಡೆದಾವು. ಆದರೆ ಮುಂಚಕ್ರದ ಹಬ್ಬನ್ನು ಬಿಡಿಸಿಟ್ಟಿದ್ದರೆ ಅದೂ ಇಲ್ಲ.

ನಿಮ್ಮ ಜೀಪಿನ ಕೆಳಗೆ ಒಮ್ಮೆ ಇಣುಕಿ ನೋಡಿ, ಆ ಡ್ರಮ್ಮು ಅಲ್ಲಿದೆಯೇ ಎಂದು. ಇದ್ದರೂ ಇಲ್ಲದಿದ್ದರೂ, ಯಾವ ಚಕ್ರ ಎತ್ತುವುದಾದರೂ, ನೆಲದ ಮೇಲೆ ಉಳಿಯುವ ಚಕ್ರಗಳಿಗೆ ಹಿಂದೂ ಮುಂದೂ ಅಡೆ ಕೊಟ್ಟ ನಂತರವೇ ಜಾಕ್ ಮುಟ್ಟತಕ್ಕದ್ದು. ದುಂಡಗಿನ ಕಲ್ಲು ಬೇಡ. ಬೆಣೆಯಂತೆ ಕೊಯ್ದ ಮರದ ತುಂಡು ಒಳ್ಳೆಯದು. ಮಕ್ಕಳನ್ನು ಗಾಡಿಯ ಹಿಂದೆ ಮುಂದೆ ನಿಲ್ಲಿಸಲೇಬಾರದು.

ಇನ್ನು, ಜಾಕಿನ ಮೇಲೆ ಮಾತ್ರ ನಿಂತ ಗಾಡಿಯ ಅಡಿಗೆ ತಲೆ ಹಾಕುವುದು. ಇದನ್ನು ಮಾಡದ ಗಂಡಸು ನಮ್ಮ ಊರಿನಲ್ಲಿ ಇರಲಿಕ್ಕಿಲ್ಲ. ಸ್ವಲ್ಪ ಬುದ್ಧಿವಂತರು ಮುರಕಲ್ಲು ತಂದು ಆಧಾರ ಕೊಡುತ್ತಾರೆ. ಅಂಗಳದಲ್ಲಿ ಸುಲಭವಾಗಿ ಸಿಗುವುದು ಅದೇ ತಾನೇ? ಆದರೆ ಮುರಕಲ್ಲು ಗೋಡೆಯಲ್ಲಿ ಸಾಲಾಗಿ ಭಾರ ಹೊರಲು ಒಳ್ಳೆಯದೇ ಹೊರತು, ಆಕ್ಸಲಿನ ಕಬ್ಬಿಣ ಒಂದೇ ಬಿಂದುವಿನಲ್ಲಿ ಒತ್ತಿದಾಗ ಸದ್ದಿಲ್ಲದೆ ಸೀಳುತ್ತದೆ. ನೀರು ಕುಡಿದ ಕಲ್ಲಾದರೆ ಇನ್ನೂ ಬೇಗ. ಟೊಳ್ಳು ಸಿಮೆಂಟ್ ಬ್ಲಾಕಿನದ್ದೂ ಅದೇ ಕಥೆ. ಗಟ್ಟಿಮರದ ದಪ್ಪ ತುಂಡುಗಳನ್ನು ಒಂದರ ಮೇಲೊಂದು ಅಡ್ಡಡ್ಡ ಪೇರಿಸಿ, ಅಥವಾ ಅಂಗಡಿಯಲ್ಲಿ ಸಿಗುವ ಮೂರುಕಾಲಿನ ಕಬ್ಬಿಣದ ಸ್ಟ್ಯಾಂಡು ಇಡಿ. ಕಳಚಿದ ಚಕ್ರವನ್ನು ಚಾಸಿಯ ಕೆಳಗೆ ಅಡ್ಡಕ್ಕೆ ಮಲಗಿಸಿ ಇಡುವುದು ಹಳೆಯ ಡ್ರೈವರುಗಳ ಕ್ರಮ. ಎಲ್ಲ ತಪ್ಪಿದರೂ ಗಾಡಿ ಎದೆಯ ಮೇಲೆ ಬೀಳದೆ ಅದರ ಮೇಲೆ ಕೂರುತ್ತದೆ.

ಈಗ ಬ್ರೇಕಿಗೆ ಬರೋಣ. ಜೀಪು ಮೂಲತಃ ಯುದ್ಧದ ಗಾಡಿ. 1941ರಿಂದ 1945ರ ವರೆಗೆ ಅಮೆರಿಕದಲ್ಲಿ ಆರು ಲಕ್ಷಕ್ಕೂ ಹೆಚ್ಚು ಜೀಪುಗಳು ತಯಾರಾದುವು. ಯುದ್ಧ ಮುಗಿದ ಮೇಲೆ, 1940ರ ದಶಕದ ಕೊನೆಯಲ್ಲಿ, ಮಹೀಂದ್ರ ಕಂಪೆನಿಯವರು ವಿಲ್ಲೀಸ್ ಜೀಪನ್ನು ಮುಂಬೈಯಲ್ಲಿ ಜೋಡಿಸತೊಡಗಿದರು. ಮುಂದೆ ಎಂಜಿನು ಬದಲಾಯಿತು, ಪೆಟ್ರೋಲಿನ ಬದಲು ಡೀಸೆಲ್ ಬಂತು. ಆದರೆ ಅಡಿಭಾಗದ ಕ್ರಮ ಬಹುಕಾಲ ಹಾಗೇ ಉಳಿಯಿತು. ನಾಲ್ಕು ಚಕ್ರಕ್ಕೂ ಡ್ರಮ್ ಬ್ರೇಕು, ನಾಲ್ಕಕ್ಕೂ ಸೇರಿ ಒಂದೇ ಮಾಸ್ಟರ್ ಸಿಲಿಂಡರು, ಒಂದೇ ಸಾಲಿನ ಪೈಪು. ಹೊಸ ಕಾರುಗಳಲ್ಲಿ ಎರಡು ಸಾಲು ಇರುವುದರಿಂದ ಒಂದು ಸೋರಿದರೆ ಇನ್ನೊಂದು ಅಷ್ಟಿಷ್ಟಾದರೂ ಹಿಡಿಯುತ್ತದೆ. ಹಳೆಯ ಜೀಪಿನಲ್ಲಿ ಒಂದು ಚಕ್ರದ ಬಳಿ ಪೈಪು ಒಡೆದರೆ ನಾಲ್ಕೂ ಹೋಯಿತು. ಪೆಡಲು ನೆಲಕ್ಕೆ ತಾಗುತ್ತದೆ, ಗಾಡಿ ಹೋಗುತ್ತಲೇ ಇರುತ್ತದೆ.

ಇದರ ಮೇಲೆ ಇನ್ನೊಂದು ತೊಂದರೆ. ಹಲವು ಮಾದರಿಗಳಲ್ಲಿ ಮಾಸ್ಟರ್ ಸಿಲಿಂಡರು ಡ್ರೈವರನ ಕಾಲಿನ ಕೆಳಗೆ, ಫ್ಲೋರಿನ ತಗಡಿನ ಅಡಿಯಲ್ಲಿ ಅಡಗಿದೆ. ಬೋನೆಟ್ ತೆರೆದರೆ ಕಾಣುವುದಿಲ್ಲ. ಆದುದರಿಂದ ಯಾರೂ ನೋಡುವುದಿಲ್ಲ. ಮ್ಯಾಟ್ ಎತ್ತಿ, ಸಣ್ಣ ಮುಚ್ಚಳಿಕೆಯ ಸ್ಕ್ರೂ ಬಿಚ್ಚಿ, ಸುತ್ತಲಿನ ಮಣ್ಣನ್ನು ಬ್ರಷ್ಷಿನಿಂದ ಚೆನ್ನಾಗಿ ತೆಗೆದ ಮೇಲೆ ಮುಚ್ಚಳ ತಿರುಗಿಸಿ ನೋಡಬೇಕು. ತಿಂಗಳಿಗೊಮ್ಮೆ ಇಷ್ಟು ಮಾಡಲು ಹತ್ತು ನಿಮಿಷ ಸಾಕು. ಮಣ್ಣಿನ ಒಂದು ಹರಳು ಒಳಗೆ ಬಿದ್ದರೆ ರಬ್ಬರು ಗೀರಿ ಹೋದೀತು, ಜಾಗ್ರತೆ.

ಅದಕ್ಕೆ ಹಾಕುವ ದ್ರವವನ್ನು ನಾವೆಲ್ಲ "ಬ್ರೇಕ್ ಆಯಿಲ್" ಎನ್ನುತ್ತೇವೆ. ಈ ಹೆಸರೇ ಅನರ್ಥಕ್ಕೆ ಕಾರಣ. ಅದು ಎಣ್ಣೆಯೇ ಅಲ್ಲ. ಆಯಿಲ್ ಎಂದ ಮೇಲೆ ಯಾವ ಆಯಿಲಾದರೇನು ಎಂದು ಎಂಜಿನ್ ಆಯಿಲ್ ಸುರಿದವರನ್ನು ನಾವು ಕಂಡಿದ್ದೇವೆ. ಎಂಜಿನ್ ಆಯಿಲ್ ತಾಗಿದರೆ ಬ್ರೇಕಿನ ರಬ್ಬರುಗಳು ಉಬ್ಬಿ ಮೆತ್ತಗಾಗುತ್ತವೆ. ಆಮೇಲೆ ಎಲ್ಲ ರಬ್ಬರುಗಳನ್ನೂ ಬದಲಿಸಿ, ಪೈಪು ತೊಳೆಯುವುದೊಂದೇ ದಾರಿ. ಡಬ್ಬದ ಮೇಲೆ ಡಾಟ್ 3 ಎಂದು ಬರೆದ ಬ್ರೇಕ್ ಫ್ಲೂಯಿಡ್ ಕೇಳಿ ತನ್ನಿ. ಸೀಲು ಒಡೆದು ತಿಂಗಳುಗಟ್ಟಲೆ ಶೆಡ್ಡಿನಲ್ಲಿಟ್ಟ ಡಬ್ಬ ಬೇಡ. ಏಕೆಂದರೆ ಈ ದ್ರವ ಗಾಳಿಯ ತೇವವನ್ನು ಉಪ್ಪಿನಂತೆ ಹೀರುತ್ತದೆ. ವರ್ಷಕ್ಕೆ 3,500 ಮಿಲಿಮೀಟರಿನಷ್ಟು ಮಳೆ ಸುರಿಯುವ ನಮ್ಮ ಜಿಲ್ಲೆಯಲ್ಲಿ ತೇವಕ್ಕೇನು ಬರ? ಹೀರಿದ ನೀರು ಒಳಗೆ ಸಿಲಿಂಡರಿಗೆ ತುಕ್ಕು ಹಿಡಿಸುತ್ತದೆ. ಉದ್ದನೆಯ ಇಳಿಜಾರಿನಲ್ಲಿ ಬ್ರೇಕು ಕಾದಾಗ ಅದೇ ನೀರು ಕುದಿದು ಆವಿಯಾಗುತ್ತದೆ. ದ್ರವವನ್ನು ಒತ್ತಿ ಕುಗ್ಗಿಸಲಾಗದು, ಆವಿಯನ್ನು ಕುಗ್ಗಿಸಬಹುದು. ಆದುದರಿಂದ ಪೆಡಲು ಒತ್ತಿದರೂ ಶಕ್ತಿ ಚಕ್ರಕ್ಕೆ ತಲುಪುವುದಿಲ್ಲ. ಅಂಗಳದಲ್ಲಿ ಚೆನ್ನಾಗಿ ಹಿಡಿಯುತ್ತಿದ್ದ ಬ್ರೇಕು ಗುಡ್ಡದ ಅರ್ಧದಲ್ಲಿ ಕೈಕೊಡುವುದು ಹೀಗೆ. ಎರಡು ವರ್ಷಕ್ಕೊಮ್ಮೆ ಪೂರ್ತಿ ದ್ರವ ಬದಲಿಸಬೇಕು. ಕಪ್ಪಗೆ ಕಂಡರೆ ಅದಕ್ಕೂ ಮೊದಲೇ.

ಬದಲಿಸುವಾಗ ಏರ್ ತೆಗೆಯುವುದು ಇಬ್ಬರ ಕೆಲಸ. ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ ಆರಂಭಿಸಿ. ಚಕ್ರದ ಒಳಬದಿಯ ನಿಪ್ಪಲ್ಲಿಗೆ ಪಾರದರ್ಶಕ ಟ್ಯೂಬು ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ಸ್ವಲ್ಪ ಬ್ರೇಕ್ ಫ್ಲೂಯಿಡ್ ಇರುವ ಬಾಟಲಿಯಲ್ಲಿ ಮುಳುಗಿಸಿ. ಒಬ್ಬರು ಪೆಡಲು ನಿಧಾನವಾಗಿ ಒತ್ತಿ ಹಿಡಿಯಲಿ, ಇನ್ನೊಬ್ಬರು ನಿಪ್ಪಲ್ ಅರ್ಧ ಸುತ್ತು ಸಡಿಲಿಸಲಿ. ಗುಳ್ಳೆ ಬರುತ್ತದೆ. ನಿಪ್ಪಲ್ ಮುಚ್ಚಿದ ಮೇಲೆಯೇ ಪೆಡಲು ಬಿಡಬೇಕು. ಮೊದಲೇ ಬಿಟ್ಟರೆ ಹೊರಗಿನ ಗಾಳಿ ಒಳಗೆ ಹೋಗುತ್ತದೆ. ಅಪ್ಪ ಕೆಳಗೆ, ಮಗ ಸೀಟಿನಲ್ಲಿ ಇದ್ದರೆ "ಒತ್ತು", "ಹಿಡಿ", "ಬಿಡು" ಎಂಬ ಮೂರು ಮಾತು ಮೊದಲೇ ಗೊತ್ತುಮಾಡಿಕೊಳ್ಳಿ, ಇಲ್ಲವಾದರೆ ಜಗಳವಾಗುತ್ತದೆ. ಗುಳ್ಳೆ ನಿಂತು ಶುದ್ಧ ದ್ರವ ಬರುವ ತನಕ ಮುಂದುವರಿಸಿ, ನಡುನಡುವೆ ಮೇಲೆ ತುಂಬುತ್ತಿರಿ. ಹೊರಬಂದದ್ದನ್ನು ಮತ್ತೆ ಸುರಿಯಬಾರದು. ಬಣ್ಣದ ಮೇಲೆ ಬಿದ್ದರೆ ಬಣ್ಣ ಕಿತ್ತುಬರುತ್ತದೆ, ತಕ್ಷಣ ನೀರು ಹಾಕಿ.

ಸೋರಿಕೆ ಇದೆಯೇ ಎಂದು ತಿಳಿಯಲು, ನಿಂತ ಗಾಡಿಯಲ್ಲಿ ಪೆಡಲನ್ನು ಬಲವಾಗಿ ಒತ್ತಿ ಒಂದು ನಿಮಿಷ ಹಿಡಿಯಿರಿ. ಮೆಲ್ಲನೆ ಇಳಿಯುತ್ತಾ ಹೋದರೆ ಎಲ್ಲೋ ಸೋರುತ್ತಿದೆ ಅಥವಾ ಮಾಸ್ಟರಿನ ರಬ್ಬರು ಸವೆದಿದೆ. ಟೈರಿನ ಒಳಬದಿ ಒದ್ದೆಯಾಗಿದ್ದರೆ ಆ ಚಕ್ರದ ಸಿಲಿಂಡರು ಸೋರುತ್ತಿದೆ. ಅಂಥ ಗಾಡಿಯನ್ನು "ಗ್ಯಾರೇಜಿನವರೆಗೆ ಮಾತ್ರ" ಎಂದೂ ಓಡಿಸಬಾರದು. ಮೆಕ್ಯಾನಿಕನನ್ನೇ ಮನೆಗೆ ಕರೆಸಿ. ಡ್ರಮ್ಮು ತೆಗೆಯುವ ಕೆಲಸವನ್ನೂ ಅವರಿಗೇ ಬಿಡುವುದು ಲೇಸು. ಕೆಲವು ಮಾದರಿಗಳ ಹಿಂದಿನ ಡ್ರಮ್ಮು ಪುಲ್ಲರ್ ಇಲ್ಲದೆ ಬರುವುದಿಲ್ಲ, ಸುತ್ತಿಗೆಯಿಂದ ಹೊಡೆದರೆ ಡ್ರಮ್ಮೂ ಬೇರಿಂಗೂ ಹಾಳು. ಮನೆಯಲ್ಲೇ ತೆಗೆದರೆ ಒಳಗಿನ ಕಪ್ಪು ಹುಡಿಯನ್ನು ಬಾಯಿಯಿಂದ ಊದಬೇಡಿ, ಕಂಪ್ರೆಸರಿನ ಗಾಳಿಯನ್ನೂ ಬಿಡಬೇಡಿ. ಹಳೆಯ ಲೈನರುಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಅದರ ನೂಲಿನಂಥ ಕಣ ಶ್ವಾಸಕೋಶ ಸೇರಿದರೆ ಕಾಯಿಲೆ ತೋರುವುದು ಇಪ್ಪತ್ತು ಮೂವತ್ತು ವರ್ಷಗಳ ನಂತರ. ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಪ್ಲಾಸ್ಟಿಕಿನಲ್ಲಿ ಕಟ್ಟಿಬಿಡಿ.

ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿ ಡೀಸೆಲ್ ಉಳಿಸುವವರಿಗೆ ಒಂದು ಮಾತು. ಬ್ರೇಕಿನ ಮೇಲೆ ಪೂರ್ತಿ ಭಾರ ಬೀಳುವುದು ಆಗಲೇ. ಅಡಿಕೆಯೋ ಗೊಬ್ಬರವೋ ತುಂಬಿದ ಜೀಪನ್ನು ಗುಡ್ಡದಿಂದ ಇಳಿಸುವಾಗ, ಮೇಲೆಯೇ ನಿಲ್ಲಿಸಿ ಲೋ ಗೇರಿಗೆ ಹಾಕಿಕೊಂಡು ಎಂಜಿನಿನ ಹಿಡಿತದಲ್ಲೇ ಇಳಿಸಿ. ತೋಡು ದಾಟಿದ ಮೇಲೆ ಡ್ರಮ್ಮಿನೊಳಗೆ ನೀರು ಹೋಗಿ ಬ್ರೇಕು ಹಿಡಿಯದು. ಸ್ವಲ್ಪ ದೂರ ಪೆಡಲನ್ನು ಹಗುರವಾಗಿ ಒತ್ತಿಕೊಂಡೇ ನಿಧಾನ ಹೋದರೆ ಒಣಗುತ್ತದೆ.

ಫೋರ್‌ವೀಲಿನ ವಿಷಯ. ಹಳೆಯ ಜೀಪಿನಲ್ಲಿ ಮುಂಚಕ್ರಕ್ಕೆ ಶಕ್ತಿ ಹೋಗುವುದು ನಾವು ಪ್ರತ್ಯೇಕ ಗೇರುಕಡ್ಡಿ ಎಳೆದಾಗ ಮಾತ್ರ. ಎಳೆದ ಮೇಲೆ ಮುಂದಿನ ಶಾಫ್ಟೂ ಹಿಂದಿನ ಶಾಫ್ಟೂ ಒಂದಕ್ಕೊಂದು ಬಿಗಿದು ಸಮಾನ ಸುತ್ತು ತಿರುಗುತ್ತವೆ. ಆದರೆ ತಿರುವಿನಲ್ಲಿ ಮುಂಚಕ್ರಗಳು ಹಿಂಚಕ್ರಗಳಿಗಿಂತ ಹೆಚ್ಚು ದೂರ ಹೋಗಬೇಕು. ಕೆಸರಿನಲ್ಲಾದರೆ ಟೈರು ಸ್ವಲ್ಪ ಜಾರಿ ಹೊಂದಿಕೊಳ್ಳುತ್ತದೆ. ಒಣ ಡಾಮರಿನಲ್ಲಿ ಜಾರಲು ಸಾಧ್ಯವಿಲ್ಲದೆ ಆ ಎಳೆತವೆಲ್ಲ ಗೇರಿನ ಹಲ್ಲಿಗೆ, ಶಾಫ್ಟಿನ ಕ್ರಾಸಿಗೆ ಬೀಳುತ್ತದೆ. ಕಡ್ಡಿ ಹಿಂದಕ್ಕೆ ಬಾರದೆ ಸಿಕ್ಕಿಕೊಳ್ಳುವುದು ಇದೇ ಕಾರಣಕ್ಕೆ. ಬಲ ಹಾಕಿ ಎಳೆಯದೆ, ಗಾಡಿಯನ್ನು ನಾಲ್ಕು ಮಾರು ರಿವರ್ಸ್ ತೆಗೆದರೆ ಸಡಿಲಾಗುತ್ತದೆ. ಮುಂದೆ ಹೊಸ ಟೈರು, ಹಿಂದೆ ಬೋಳು ಟೈರು ಹಾಕಿದರೂ ಇದೇ ಉಪದ್ರ. ನಾಲ್ಕೂ ಒಂದೇ ಅಳತೆಯದ್ದಿರಲಿ, ಸವೆತವೂ ಹತ್ತಿರ ಹತ್ತಿರ ಇರಲಿ. ಬೇಸಿಗೆಯಲ್ಲಿ ಫೋರ್‌ವೀಲ್ ಬೇಡವೆಂದು ಆರು ತಿಂಗಳು ಮುಟ್ಟದೆ ಇಟ್ಟರೆ ಮಳೆಗಾಲದ ಮೊದಲ ರಾತ್ರಿ ಕಡ್ಡಿ ಬೀಳುವುದೇ ಇಲ್ಲ. ತಿಂಗಳಿಗೊಮ್ಮೆ ಮಣ್ಣುದಾರಿಯಲ್ಲಿ ಸ್ವಲ್ಪ ದೂರ ಹಾಕಿ ಓಡಿಸಿ, ಒಳಗೆಲ್ಲ ಆಯಿಲ್ ತಾಗಲಿ.

ಎಂಜಿನ್ ಆಯಿಲ್ ನೋಡುವವರು ಕೂಡ ಕೆಳಗಿನ ಗೇರ್ ಆಯಿಲನ್ನು ಮರೆಯುತ್ತಾರೆ. ನಾಲ್ಕು ಕಡೆ ಇದೆ: ಗೇರ್‌ಬಾಕ್ಸು, ಅದಕ್ಕೆ ತಾಗಿರುವ ಟ್ರಾನ್ಸ್‌ಫರ್ ಕೇಸು, ಮುಂದಿನ ಆಕ್ಸಲು, ಹಿಂದಿನ ಆಕ್ಸಲು. ಬದಿಯ ಬೋಲ್ಟು ತೆಗೆದು ಕಿರುಬೆರಳು ಹಾಕಿದರೆ ತೂತಿನ ಕೆಳ ಅಂಚಿನಲ್ಲೇ ಆಯಿಲ್ ತಾಗಬೇಕು. ಬದಲಿಸುವಾಗ ನಮ್ಮದೊಂದು ನಿಯಮ: ಮೇಲಿನ ತುಂಬುವ ಬೋಲ್ಟು ಬಿಚ್ಚಿಬರುತ್ತದೆ ಎಂದು ಖಾತ್ರಿಯಾದ ಮೇಲೆಯೇ ಕೆಳಗಿನದನ್ನು ಬಿಚ್ಚುವುದು. ಇದ್ದ ಆಯಿಲೆಲ್ಲ ಸುರಿದುಹೋದ ಮೇಲೆ ತುಂಬುವ ಬೋಲ್ಟು ತುಕ್ಕು ಹಿಡಿದು ತಿರುಗದಿದ್ದರೆ ಗಾಡಿ ಅಲ್ಲೇ. ಆಯಿಲ್ ಹಾಲು ಬೆರೆಸಿದ ಚಹಾದಂತೆ ಕಂಡರೆ ತೋಡಿನ ನೀರು ಒಳಗೆ ಹೋಗಿದೆ, ತಡಮಾಡದೆ ಬದಲಿಸಿ. ಬೋಲ್ಟಿಗೆ ನುಣ್ಣಗಿನ ಕಪ್ಪು ಅಂಟು ಹಿಡಿದಿದ್ದರೆ ಹೆದರಬೇಕಿಲ್ಲ. ಉಗುರಿನಷ್ಟು ಉಕ್ಕಿನ ಚೂರು ಸಿಕ್ಕಿದರೆ ಹಲ್ಲು ಮುರಿದಿದೆ ಎಂದರ್ಥ. ಗ್ರೀಸಿನ ಕೆಲಸ ಸುಲಭ: ನಿಪ್ಪಲ್ ಒರೆಸಿ, ಹಳೆಯ ಗ್ರೀಸು ಹೊರಬರುವ ತನಕ ಗನ್ ಒತ್ತುವುದು. ಸ್ಟಿಯರಿಂಗಿನಲ್ಲಿ ಆಟ ಹೆಚ್ಚಿದ್ದರೆ, ಅಥವಾ ಗುಂಡಿ ಹಾರಿದಾಗ ಮುಂಚಕ್ರಗಳು ಗಡಗಡ ನಡುಗಿದರೆ, ಅದು ಮನೆಮದ್ದಿನ ಕಾಯಿಲೆಯಲ್ಲ.

ಇನ್ನು ತುಕ್ಕು. ನಮ್ಮ ಜೀಪುಗಳ ಫ್ಲೋರು ಬೇರೆ ಊರಿನ ಜೀಪಿಗಿಂತ ಬೇಗ ತೂತಾಗುವುದೇಕೆ? ಮಳೆ ಒಂದು ಕಾರಣ. ಇನ್ನೊಂದನ್ನು ನಾವೇ ಡ್ರಮ್ಮಿನಲ್ಲಿ ತುಂಬಿ ತರುತ್ತೇವೆ. ಬೋರ್ಡೋ ದ್ರಾವಣಕ್ಕೆ ಸುಣ್ಣ ಸಾಕಾಯಿತೇ ಎಂದು ತಿಳಿಯಲು ಕಬ್ಬಿಣದ ಕತ್ತಿಯನ್ನೋ ಬ್ಲೇಡನ್ನೋ ಅದ್ದಿ ನೋಡುತ್ತೇವಲ್ಲ? ಸುಣ್ಣ ಸಾಲದಿದ್ದರೆ ಕತ್ತಿಯ ಮೇಲೆ ಕೆಂಪಗೆ ತಾಮ್ರ ಕೂರುತ್ತದೆ. ಹಾಗೆ ತಾಮ್ರ ಕೂತಷ್ಟೂ ಕಬ್ಬಿಣ ಕರಗಿಹೋಗಿರುತ್ತದೆ. ಜೀಪಿನೊಳಗೆ ಚೆಲ್ಲಿದ ಮೈಲುತುತ್ತಿನ ನೀರು ಫ್ಲೋರಿನ ತಗಡಿಗೆ ಮಾಡುವುದೂ ಅದನ್ನೇ. ಪೊಟ್ಯಾಶ್ ಗೊಬ್ಬರದ ಗೋಣಿಯ ಉಪ್ಪುನೀರೂ ಕಡಿಮೆಯದ್ದಲ್ಲ. ಮದ್ದು ಸಾಗಿಸಿದ ದಿನ ಸಂಜೆಯೇ ಮ್ಯಾಟ್ ಎತ್ತಿ ಫ್ಲೋರನ್ನು ಧಾರಾಳ ನೀರಿನಲ್ಲಿ ತೊಳೆಯಬೇಕು. ಮದ್ದು ಹೇರಿದ ಜೀಪಿನಲ್ಲಿ ಅಕ್ಕಿಚೀಲವನ್ನಾಗಲಿ ಶಾಲೆಯ ಮಕ್ಕಳನ್ನಾಗಲಿ ಕೂರಿಸಬಾರದೆಂದು ಬೇರೆ ಹೇಳಬೇಕೇ? ಎಂಡೋಸಲ್ಫಾನ್ ಕಂಡ ಜಿಲ್ಲೆಯವರು ನಾವು.

ಮಳೆ ಮುಗಿದ ಮೇಲೆ ಚಾಸಿಯ ಒಳಗೆ ಕುಳಿತ ಕೆಂಪು ಮಣ್ಣನ್ನು ಪೈಪಿನ ನೀರಿನಿಂದ ಹೊರಡಿಸಿ, ಅಡಿಯ ಚಿಕ್ಕ ತೂತುಗಳನ್ನು ತಂತಿಯಿಂದ ಬಿಡಿಸಿಕೊಡಿ. ಒಣಗಿದ ನಂತರ ತುಕ್ಕು ಉಜ್ಜಿ ರೆಡ್ ಆಕ್ಸೈಡ್, ಮೇಲೆ ಪೈಂಟು. ವೆಲ್ಡಿಂಗ್ ಬೇಕಾದರೆ ಒಂದು ಎಚ್ಚರಿಕೆ: ಹಲವು ಜೀಪುಗಳಲ್ಲಿ ಇಂಧನದ ಟ್ಯಾಂಕಿ ಡ್ರೈವರನ ಸೀಟಿನ ಅಡಿಯಲ್ಲೇ ಇದೆ. ಟ್ಯಾಂಕಿಯನ್ನು ಕಳಚಿ ದೂರ ಇಡದೆ ಫ್ಲೋರಿಗೆ ಕಿಡಿ ತಾಗಿಸಬಾರದು. ಖಾಲಿ ಟ್ಯಾಂಕಿಯೆಂದು ನಂಬಬೇಡಿ, ಒಳಗಿನ ಆವಿಯೇ ಸಾಕು. ಬ್ಯಾಟರಿಯ ತಂತಿಯನ್ನೂ ಬಿಡಿಸಿಡಿ.

ಅಡಿಭಾಗಕ್ಕೆ ಕರಿ ಆಯಿಲ್ ಬಳಿಯುವ ಹಳೆಯ ಪದ್ಧತಿ ಈಗಲೂ ಇದೆ. ನಮ್ಮ ತಂದೆಯವರೂ ಬಳಿಯುತ್ತಿದ್ದರು. ತುಕ್ಕು ಸ್ವಲ್ಪ ತಡೆಯುವುದು ನಿಜವಾದರೂ ರಬ್ಬರ್ ಬುಷ್‌ಗಳು ಕೊಳೆಯುತ್ತವೆ, ತೊಟ್ಟಿಕ್ಕಿದ್ದೆಲ್ಲ ಅಂಗಳದ ಮಣ್ಣಿಗೆ ಸೇರುತ್ತದೆ. ನಮ್ಮದು ಮುರಕಲ್ಲಿನ ಗುಡ್ಡ. ಮೇಲೆ ಬಿದ್ದ ನೀರು ಇಳಿದಿಳಿದು ಕೆಳಗಿನ ಸುರಂಗದಲ್ಲಿ ಹನಿಯುತ್ತದೆ. ಅದೇ ನೀರನ್ನು ಕುಡಿಯುತ್ತೇವೆ, ತೋಟಕ್ಕೂ ಬಿಡುತ್ತೇವೆ. ಆದುದರಿಂದ ಬದಲಿಸಿದ ಆಯಿಲನ್ನು ಮುಚ್ಚಳವಿರುವ ಕ್ಯಾನಿನಲ್ಲಿ ತುಂಬಿಟ್ಟು, ಹಳೆ ಆಯಿಲ್ ಕೊಳ್ಳುವವರು ಬರುವ ಗ್ಯಾರೇಜಿಗೆ ಕೊಡಿ. ದನದ ಗಾಯಕ್ಕೆ ಹುಳ ಬಾರದಂತೆ ಕರಿ ಆಯಿಲ್ ಹಚ್ಚುವವರಿದ್ದಾರೆ. ದನ ಅದನ್ನು ನೆಕ್ಕುತ್ತದೆ, ವಿಷ ಹೊಟ್ಟೆಗೆ ಹೋಗುತ್ತದೆ. ಪಶುವೈದ್ಯರಲ್ಲಿ ಅದಕ್ಕೆ ಬೇರೆ ಮದ್ದು ಉಂಟು.

ಮನುಷ್ಯರ ಚರ್ಮಕ್ಕೂ ಬಳಸಿದ ಎಂಜಿನ್ ಆಯಿಲ್ ಒಳ್ಳೆಯದಲ್ಲ. ವರ್ಷಗಟ್ಟಲೆ ತಾಗುತ್ತಿದ್ದರೆ ಚರ್ಮದ ಕ್ಯಾನ್ಸರಿನ ಭಯವಿದೆ. ಕೈ ತೊಳೆಯಲು ಡೀಸೆಲ್ ಪೆಟ್ರೋಲ್ ಬಳಸಿದರೆ ಚರ್ಮ ಬಿರಿಯುತ್ತದೆ. ಮೊದಲು ತೆಂಗಿನೆಣ್ಣೆ ಉಜ್ಜಿ ಒರೆಸಿ, ಆಮೇಲೆ ಸಾಬೂನು ಹಾಕಿದರೆ ಮಸಿ ಸುಲಭವಾಗಿ ಹೋಗುತ್ತದೆ. ಪೈಪು ಹಾಕಿ ಬಾಯಿಯಿಂದ ಡೀಸೆಲ್ ಎಳೆಯಬೇಡಿ. ನುಂಗಿದರೆ ವಾಂತಿ ಮಾಡಿಸಲೇಬಾರದು, ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯ ಆಗುತ್ತದೆ. ನೇರ ಆಸ್ಪತ್ರೆಗೆ ಒಯ್ಯಿರಿ. ಎಂಜಿನ್ ಓಡುವಾಗ ಇಂಜೆಕ್ಟರಿನ ಪೈಪು ಸೋರುತ್ತದೆಯೇ ಎಂದು ಬೆರಳಿಟ್ಟು ನೋಡಬಾರದು. ಆ ಒತ್ತಡದ ಡೀಸೆಲು ಸೂಜಿಯಂತೆ ಚರ್ಮದೊಳಗೆ ಹೋಗುತ್ತದೆ. ಹೊರಗೆ ಚುಕ್ಕೆಯಷ್ಟೇ ಕಂಡರೂ ಒಳಗೆ ಬೆರಳು ಕೊಳೆಯಬಹುದು. ಬ್ಯಾಟರಿ ಬಿಚ್ಚುವಾಗ ಬಾಡಿಗೆ ಬಿಗಿದ ಅರ್ತ್ ತಂತಿ ಮೊದಲು, ಜೋಡಿಸುವಾಗ ಅದು ಕೊನೆಗೆ. ಹತ್ತಿರ ಬೀಡಿ ಬೇಡ. ಆಸಿಡ್ ಕಣ್ಣಿಗೆ ಹಾರಿದರೆ ಕಡಿಮೆಯೆಂದರೂ ಹದಿನೈದು ನಿಮಿಷ ಶುದ್ಧ ನೀರು ಹರಿಸಿ, ಆಮೇಲೆ ಡಾಕ್ಟರು. ರೇಡಿಯೇ‌ಟರಿನ ಕೂಲಂಟು ಸಿಹಿಯಾಗಿರುತ್ತದೆ, ಆದರೆ ಅದು ವಿಷ. ನಾಯಿಗೂ ಮಕ್ಕಳಿಗೂ ಸಿಗದಂತೆ ಎತ್ತರದಲ್ಲಿಡಿ.

ಹದಿನೈದು ವರ್ಷ ದಾಟಿದ ಖಾಸಗಿ ಗಾಡಿಯ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕೆಂಬುದು ನಿಮಗೆ ತಿಳಿದಿದೆ. ಪರೀಕ್ಷೆಯ ಹಿಂದಿನ ದಿನ ಪೈಂಟು ಬಳಿದು, ಮರುದಿನದಿಂದ ಮತ್ತೆ ಹಾಗೇ ಬಿಡುವ ಕ್ರಮವೂ ನಮಗೆ ತಿಳಿದಿದೆ.

ನಮ್ಮ ಇಗರ್ಜಿಯ ಕಚೇರಿಯಲ್ಲಿ ನಾಲ್ಕು ಕಬ್ಬಿಣದ ಸ್ಟ್ಯಾಂಡುಗಳನ್ನೂ ಎರಡು ಜೊತೆ ಮರದ ಅಡೆಗಳನ್ನೂ ತರಿಸಿಟ್ಟಿದ್ದೇವೆ. ಬೇಕಾದವರು ಭಾನುವಾರ ಎರಡನೆಯ ಪೂಜೆಯ ನಂತರ ಪುಸ್ತಕದಲ್ಲಿ ಹೆಸರು ಬರೆದು ಕೊಂಡೊಯ್ಯಬಹುದು. ಮುಂದಿನ ಭಾನುವಾರ ಗ್ರೀಸು ಒರೆಸಿ ತಂದಿಡಬೇಕು. ಕಾಯುವವರು ಬೇರೆಯವರೂ ಇರುತ್ತಾರೆ.